ಪೇಜ್‌ಮೇಕರ್, ಪಬ್ಲಿಷರ್, ಇನ್‌ಡಿಸೈನ್: ಕರಪತ್ರದಿಂದ ಕನ್ನಡ ವೆಬ್‌ಸೈಟಿಗೆ ಯಾವ ದಾರಿ?

ಶಿರಸಿ, ಕುಮಟಾ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಹೋಂಸ್ಟೇ ಕರಪತ್ರ ಮಾಡಿಸಿದವರು "ಇದನ್ನೇ ವೆಬ್‌ಸೈಟಿಗೂ ಹಾಕಿಕೊಡಿ" ಎನ್ನುವುದು ಮಾಮೂಲು. ಅದಕ್ಕೇ ಒಂದೇ ಮ್ಯಾಟರನ್ನು (ಕೋಣೆ ದರ, ಊಟದ ಪಟ್ಟಿ, ಯಾಣ ಮತ್ತು ಉಂಚಳ್ಳಿ ಜಲಪಾತದ ದಾರಿ, ಫೋಟೊಗಳು) ಪುಟ ವಿನ್ಯಾಸದ ತಂತ್ರಾಂಶಗಳಾದ ಪೇಜ್‌ಮೇಕರ್ 7, ಪಬ್ಲಿಷರ್ 2007, ಇನ್‌ಡಿಸೈನ್ ಮೂರರಲ್ಲೂ ಮಾಡಿ, ಒಂದೇ ಲಿನಕ್ಸ್ ಸರ್ವರಿಗೆ ಏರಿಸಿ, ಆಂಡ್ರಾಯ್ಡ್ ಫೋನಿನಲ್ಲಿ ತೆರೆದು ನೋಡಿದೆವು.

ಪೇಜ್‌ಮೇಕರಿನ ಮಾತು ಬೇಗ ಮುಗಿಯುತ್ತದೆ. ಎಚ್‌ಟಿಎಂಎಲ್‌ಗೆ (ವೆಬ್ ಪುಟದ ರೂಪಕ್ಕೆ) ಎಕ್ಸ್‌ಪೋರ್ಟ್ ಮಾಡುವ ಸೌಲಭ್ಯ ಇದೆ, ಆದರೆ ನಮ್ಮ ಮ್ಯಾಟರ್ ಇರುವುದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಆಸ್ಕಿ ಫಾಂಟಿನಲ್ಲಿ. ಅಲ್ಲಿ ಕನ್ನಡ ಅಕ್ಷರಗಳು ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಆ ಫಾಂಟ್ ಇಲ್ಲದ ಫೋನಿನಲ್ಲಿ "ಕೋಣೆ ದರ" ಎಂಬುದು ಅರ್ಥವಿಲ್ಲದ ಲಿಪಿಯಾಗಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಕಣ್ಣಿಗೆ ಸರಿ, ಆದರೆ ಒಳಗಿನ ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ. ಮ್ಯಾಟರನ್ನು ಕನ್ವರ್ಟರಿನಲ್ಲಿ ಯುನಿಕೋಡಿಗೆ (ಎಲ್ಲ ಸಾಧನಗಳೂ ಓದಬಲ್ಲ ಅಕ್ಷರ ಸಂಕೇತಕ್ಕೆ) ತಂದು ಹೊರಡುವುದೊಂದೇ ಉಪಾಯ. ತಂದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಸಾಲುಸಾಲಾಗಿ ಓದಿ ನೋಡಿ. "ಮಾರ್ಗ", "ಕರ್ನಾಟಕ" ಇಂಥ ಪದಗಳಲ್ಲೇ ತಪ್ಪು ಅಡಗಿರುತ್ತದೆ.

ಪಬ್ಲಿಷರ್ 2007 ಬೇಗ ಸೈಟ್ ಕೊಡುತ್ತದೆ, ಅಷ್ಟೇ ಬೇಗ ಕೈಕೊಡುತ್ತದೆ. ಫೈಲ್ ಮೆನುವಿನ ಪಬ್ಲಿಷ್ ಟು ದ ವೆಬ್ ಒತ್ತಿದರೆ ಇಂಡೆಕ್ಸ್ ಡಾಟ್ ಎಚ್‌ಟಿಎಂ ಎಂಬ ಒಂದು ಫೈಲ್ ಮತ್ತು ಅದರ ಪಕ್ಕ ಇಂಡೆಕ್ಸ್ ಫೈಲ್ಸ್ ಎಂಬ ಫೋಲ್ಡರ್ ಬರುತ್ತವೆ. ಉಳಿದ ಪುಟಗಳು, ಚಿತ್ರಗಳು ಎಲ್ಲವೂ ಆ ಫೋಲ್ಡರಿನಲ್ಲಿ. ಮುಖಪುಟ ತೆರೆದು ಫೋಟೊ ಬಾರದಿದ್ದರೆ, ಮೆನು ಒತ್ತಿದಾಗ ಪುಟ ಸಿಗದಿದ್ದರೆ, ಫೋಲ್ಡರ್ ಏರಿಲ್ಲ ಎಂದೇ ತಿಳಿಯಿರಿ. ಎರಡೂ ಸರ್ವರಿನಲ್ಲಿ ಸೈಟಿಗೆಂದೇ ಇರುವ ಪಬ್ಲಿಕ್ ಎಚ್‌ಟಿಎಂಎಲ್ ಫೋಲ್ಡರಿನೊಳಗೆ ನೇರವಾಗಿ ಇರಬೇಕು. ಎಲ್ಲ ಏರಿಸಿದರೂ ಹೋಸ್ಟಿಂಗ್‌ನವರ "ಶೀಘ್ರದಲ್ಲೇ ಬರಲಿದೆ" ಪುಟವೇ ಕಾಣುತ್ತಿದ್ದರೆ, ಅಲ್ಲಿ ಮೊದಲೇ ಇದ್ದ ಇಂಡೆಕ್ಸ್ ಡಾಟ್ ಎಚ್‌ಟಿಎಂಎಲ್ ಅಳಿಸಿ. ಸರ್ವರ್ ಸಾಮಾನ್ಯವಾಗಿ ಅದನ್ನೇ ಮೊದಲು ಎತ್ತಿಕೊಳ್ಳುತ್ತದೆ. ಫೈಲಿನ ಹೆಸರನ್ನು ಕೈಯಿಂದ ಬದಲಿಸಿ ದೊಡ್ಡಕ್ಷರ ಹಾಕಿದರೆ ವಿಂಡೋಸಿನಲ್ಲಿ ನಡೆಯುತ್ತದೆ, ಲಿನಕ್ಸಿನಲ್ಲಿ ನಡೆಯುವುದಿಲ್ಲ.

ಪಬ್ಲಿಷ್ ಮಾಡುವ ಮುನ್ನ ಟೂಲ್ಸ್, ಆಪ್ಷನ್ಸ್, ವೆಬ್ ಟ್ಯಾಬಿಗೆ ಹೋಗಿ. ಎನ್‌ಕೋಡಿಂಗ್ ಯುಟಿಎಫ್-8 (ಯುನಿಕೋಡ್ ಅಕ್ಷರಗಳನ್ನು ಫೈಲಿನಲ್ಲಿ ಉಳಿಸುವ ವಿಧಾನ) ಇರಲಿ. ವಿಎಂಎಲ್ (ವೆಬ್ ಪುಟದಲ್ಲಿ ಚಿತ್ರ ಬಿಡಿಸುವ ಸಂಕೇತ ಭಾಷೆ) ಮೇಲೆ ಅವಲಂಬಿಸುವ ಟಿಕ್ ತೆಗೆಯಿರಿ, ಅದು ಹಳೆಯ ಇಂಟರ್ನೆಟ್ ಎಕ್ಸ್‌ಪ್ಲೋರರಿನ ಕಾಲದ್ದು. ನ್ಯಾವಿಗೇಷನ್ ಬಾರ್ ಫೈರ್‌ಫಾಕ್ಸಿನಲ್ಲಿ ಕೆಲಸ ಮಾಡದಿದ್ದರೆ ಅದನ್ನು ಅನ್‌ಗ್ರೂಪ್ ಮಾಡಿ ಮತ್ತೆ ಪಬ್ಲಿಷ್ ಮಾಡಿ. ಅಲಂಕಾರದ ಅಕ್ಷರ ಕೊಡುವ ವರ್ಡ್‌ಆರ್ಟ್ ಬೇಡವೇ ಬೇಡ, ಅಕ್ಷರ ಚಿತ್ರವಾಗಿಬಿಡುತ್ತದೆ: ಹುಡುಕಿದರೆ ಸಿಗದು, ಪುಟದ ತೂಕವೂ ಹೆಚ್ಚು. ಘಟ್ಟದ ಕೆಳಗೆ ಸಿಗ್ನಲ್ ಒಂದೇ ಕಡ್ಡಿ ಇರುವ ಕಡೆ ದಾರಿ ಹುಡುಕುವವರಿಗೆ ಅದು ತೆರೆಯುವುದೇ ಇಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ವಿಂಡೋಸಿನ ಕನ್ನಡ ಫಾಂಟ್ ತುಂಗಾ. ವಿಂಡೋಸಿನಲ್ಲಿ ಅಳತೆ ಹಿಡಿದಂತೆ ಕೂತ ಊಟದ ಪಟ್ಟಿ ಫೋನಿನಲ್ಲಿ ಕೆಳಗಿನ ಬಾಕ್ಸಿನ ಮೇಲೇರಿ, "ತೊಡದೇವು" ಎಂಬ ಸಾಲು ಕೋಣೆ ದರದ ಮೇಲೆ ಬಿದ್ದಿತ್ತು. ಫೋನಿನಲ್ಲಿ ತುಂಗಾ ಇಲ್ಲ, ಅಲ್ಲಿ ಬರುವುದು ನೋಟೊ. ಅದರ ಅಗಲ, ಸಾಲಿನ ಎತ್ತರ ಬೇರೆ. ಪಬ್ಲಿಷರ್ ಪ್ರತಿ ಬಾಕ್ಸನ್ನೂ ಪುಟದ ಮೇಲೆ ಗೊತ್ತಾದ ಜಾಗಕ್ಕೆ ಮೊಳೆ ಹೊಡೆದಂತೆ ಕೂರಿಸುವುದರಿಂದ, ಒಂದು ಬೆಳೆದರೆ ಇನ್ನೊಂದು ಸರಿಯುವುದಿಲ್ಲ. ಪ್ರತಿ ಟೆಕ್ಸ್ಟ್ ಬಾಕ್ಸಿನ ಕೆಳಗೆ ಐದನೇ ಒಂದು ಭಾಗ ಖಾಲಿ ಬಿಟ್ಟರೆ ತಾಪತ್ರಯ ಕಡಿಮೆ. ಆದರೂ ಪುಟ ಫೋನಿನ ಅಗಲಕ್ಕೆ ಹೊಂದಿಕೊಳ್ಳದು, ಬೆರಳಲ್ಲಿ ಹಿಗ್ಗಿಸಿಯೇ ಓದಬೇಕು. ಪಬ್ಲಿಷರ್ 2010ರಿಂದ ಹೊಸ ವೆಬ್ ಪ್ರಕಟಣೆ ಶುರು ಮಾಡುವ ಸೌಲಭ್ಯವೂ ಹೋಯಿತು. 2026ರ ಅಕ್ಟೋಬರಿಗೆ ಪಬ್ಲಿಷರನ್ನೇ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ ಹೇಳಿದೆ. ಹಳೆಯ ಸೈಟ್ ಇದ್ದವರು ಮೇಲಿನ ರಿಪೇರಿ ಮಾಡಿಕೊಂಡು ಸಾಗಿಸಲಿ; ಹೊಸದನ್ನು ಇದರಲ್ಲಿ ಯಾರೂ ಹಿಡಿಯಬಾರದು.

ನಮ್ಮ ಮತ ಇನ್‌ಡಿಸೈನಿಗೆ, ಚಂದಾ ಕಟ್ಟಬೇಕಾದರೂ. ಎಕ್ಸ್‌ಪೋರ್ಟಿನಲ್ಲಿ ಎಚ್‌ಟಿಎಂಎಲ್ (ಹೊಸ ಆವೃತ್ತಿಗಳಲ್ಲಿ ಎಚ್‌ಟಿಎಂಎಲ್ ಲೆಗಸಿ) ಆರಿಸಿದರೆ ಅಕ್ಷರ ಅಕ್ಷರವಾಗಿಯೇ ಬರುತ್ತದೆ, ಒಂದರ ಕೆಳಗೊಂದು ಹರಿಯುತ್ತದೆ. ಕರಪತ್ರದ ವಿನ್ಯಾಸ ಮಾತ್ರ ಬರುವುದಿಲ್ಲ, ಅದರ ಆಸೆ ಬಿಡಬೇಕು. ಪುಟದ ಕ್ರಮಕ್ಕೆ ಬಿಟ್ಟರೆ ಫೋಟೊ ಒಂದು ಕಡೆ, ವಿವರ ಇನ್ನೊಂದು ಕಡೆ ಆಗುತ್ತದೆ. ಆರ್ಟಿಕಲ್ಸ್ ಪ್ಯಾನೆಲ್‌ನಲ್ಲಿ ಬೇಕಾದ ಕ್ರಮ ಕಟ್ಟಿ, ಎಕ್ಸ್‌ಪೋರ್ಟಿನಲ್ಲಿ ಅದನ್ನೇ ಆರಿಸಿ. ಪ್ಯಾರಾಗ್ರಾಫ್ ಸ್ಟೈಲಿನ ಹೆಸರುಗಳೇ ಸಿಎಸ್‌ಎಸ್ (ವೆಬ್ ಪುಟದ ಬಣ್ಣ, ಅಂತರ, ಫಾಂಟ್ ಹೇಳುವ ಫೈಲ್) ಕ್ಲಾಸ್ ಆಗುವುದರಿಂದ ಅವು ಇಂಗ್ಲಿಷಿನಲ್ಲಿ, ಸ್ಪೇಸ್ ಇಲ್ಲದೆ ಇರಲಿ. ಇನ್‌ಡಿಸೈನಿನೊಳಗೆ ಒತ್ತಕ್ಷರ ಬಿಡಿಯಾಗಿ ಕಂಡರೆ ಭಾರತೀಯ ಲಿಪಿಗಳನ್ನು ಜೋಡಿಸಬಲ್ಲ ವರ್ಲ್ಡ್ ರೆಡಿ ಕಂಪೋಸರ್ ಹಾಕಿ. ಫೋಟೊಗಳನ್ನು 1200 ಪಿಕ್ಸೆಲ್ ಅಗಲಕ್ಕೆ ಇಳಿಸಿಯೇ ಒಳಗೆ ತನ್ನಿ.

ಹೊರಬಂದ ಫೈಲಿನ ತಲೆಭಾಗದಲ್ಲಿ ವ್ಯೂಪೋರ್ಟ್ ಸಾಲು (ಪುಟ ಫೋನಿನ ಅಗಲಕ್ಕೆ ಹೊಂದಬೇಕೆಂದು ಹೇಳುವ ಸಾಲು) ಇಲ್ಲದಿದ್ದರೆ ನೋಟ್‌ಪ್ಯಾಡಿನಲ್ಲಿ ಸೇರಿಸಿ, ಯುಟಿಎಫ್-8ರಲ್ಲೇ ಉಳಿಸಿ. ಬಣ್ಣ, ಅಂತರ, ಫಾಂಟಿನ ತಿದ್ದುಪಡಿಗಳನ್ನು ಮಾತ್ರ ಹೊರಬಂದ ಸಿಎಸ್‌ಎಸ್‌ನಲ್ಲಿ ಮಾಡಬೇಡಿ. ದರ ಬದಲಾಗಿ ಮತ್ತೆ ಎಕ್ಸ್‌ಪೋರ್ಟ್ ಮಾಡಿದ ದಿನ ಅವೆಲ್ಲ ಅಳಿಸಿಹೋಗುತ್ತವೆ. ಬೇರೆ ಸಿಎಸ್‌ಎಸ್ ಫೈಲ್ ಮಾಡಿ, ಎಕ್ಸ್‌ಪೋರ್ಟ್ ಆಪ್ಷನ್ಸಿನ ಆಡ್ ಸ್ಟೈಲ್ ಶೀಟ್‌ನಲ್ಲಿ ಅದನ್ನು ಕೊಡಿ.