ಇಂಪೀರಿಯಲ್, ಬಟರ್‌ಫ್ಲೈ, ಬ್ರೈನ್: ಹಳೇ ಪ್ಲಾಸ್ಟಿಕ್ ಯೋಯೋಗಳಲ್ಲಿ ಮೊದ್ಲು ಯಾವ್ದು ತಗೋಬೇಕು?

ಅಮೆರಿಕದಲ್ಲಿರೋರಿಗೆ ಗರಾಜ್ ಸೇಲು, ಫ್ಲೀ ಮಾರ್ಕೆಟ್ ಅಂತ ಸುತ್ತಿದ್ರೆ ಹಳೇ ಪ್ಲಾಸ್ಟಿಕ್ ಯೋಯೋ ಸಿಕ್ಕೇ ಸಿಗುತ್ತೆ. ಡಂಕನ್ ಇಂಪೀರಿಯಲ್, ಡಂಕನ್ ಬಟರ್‌ಫ್ಲೈ, ಯೊಮೆಗಾ ಬ್ರೈನ್, ಈ ಮೂರಕ್ಕೂ ಒಂದೇ ಥರದ ಹೊಸ ಕಾಟನ್ ದಾರ ಹಾಕಿ ಒಂದಾದ್ಮೇಲೆ ಒಂದು ಆಡ್ಸಿ ನೋಡ್ದೆ. ಕಲೆಕ್ಷನ್ ಶುರು ಮಾಡೋರು ಇಂಪೀರಿಯಲ್ ತಗೊಳ್ಳಿ ಅಂತೀನಿ, ಯಾಕೆ ಅಂತ ಕೇಳಿ.

ಯೋಯೋ ಕಂಪನಿ ಶುರು ಮಾಡಿದ್ದು ಫಿಲಿಪೀನ್ಸಿಂದ ಬಂದ ಪೆಡ್ರೋ ಫ್ಲೋರೆಸ್, 1928ರಲ್ಲಿ, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ. ಆಮೇಲೆ ಅದನ್ನ ಡೊನಾಲ್ಡ್ ಡಂಕನ್ ಕೊಂಡ್ಕೊಂಡ್ರು, ವಿಸ್ಕಾನ್ಸಿನ್‌ನ ಲಕ್ ಅನ್ನೋ ಪುಟ್ಟ ಊರಲ್ಲಿ ಮೇಪಲ್ ಮರದ ಯೋಯೋ ಮಾಡ್ತಿದ್ರು, 50ರ ದಶಕದಲ್ಲಿ ಪ್ಲಾಸ್ಟಿಕ್ ಇಂಪೀರಿಯಲ್ ಬಂತು. ಆದ್ರೆ 1965ರಲ್ಲಿ ಕೋರ್ಟು, ಯೋಯೋ ಅನ್ನೋ ಹೆಸ್ರು ಎಲ್ಲರೂ ಬಳಸೋದೇ, ಒಬ್ರ ಸ್ವತ್ತಲ್ಲ ಅಂದ್ಬಿಡ್ತು. ಅದೇ ವರ್ಷ ಕಂಪನಿ ದಿವಾಳಿ. 1968ರಲ್ಲಿ ಡಂಕನ್ ಹೆಸರನ್ನ ತಗೊಂಡಿದ್ದು, ಮೊದ್ಲಿಂದ್ಲೂ ಅವರಿಗೆ ಪ್ಲಾಸ್ಟಿಕ್ ಯೋಯೋ ಮಾಡ್ಕೊಡ್ತಿದ್ದ ಬಾರಬೂ ಊರಿನ ಫ್ಲಾಂಬೋ ಕಂಪನಿ. ಕಲೆಕ್ಟರ್‌ಗೆ ಇದು ತುಂಬಾ ಕೆಲ್ಸಕ್ಕೆ ಬರೋ ವಿಷ್ಯ, ಯಾಕಂದ್ರೆ ಪ್ಯಾಕೆಟ್ ಕಾರ್ಡ್ ಮೇಲೆ ಡಂಕನ್ ಜೊತೆ ಫ್ಲಾಂಬೋ ಹೆಸ್ರಿದ್ರೆ ಅದು 1968ರ ಆಮೇಲಿನ ಮಾಲು, 60ರ ಶುರುವಿನದ್ದು ಅಂತ ಯಾರಾದ್ರೂ ಜಾಸ್ತಿ ರೇಟ್ ಹೇಳಿದ್ರೆ ನಂಬ್ಬೇಡಿ.

ಆಟದಲ್ಲಿ ಇಂಪೀರಿಯಲ್ ತುಂಬಾ ನೇರ. ಬೇರಿಂಗ್ ಇಲ್ಲ, ಎರಡು ಹೋಳನ್ನ ಸೇರಿಸೋ ನಡುವಿನ ಕಡ್ಡಿ, ಅಂದ್ರೆ ಆಕ್ಸಲ್, ಅಲ್ಲಾಡಲ್ಲ, ಅದಕ್ಕೆ ದಾರ ನೇರವಾಗಿ ಉಜ್ಜುತ್ತೆ. ಎರಡು ಹೋಳು ಬಿಚ್ಚೋಕಾಗಲ್ಲ, ದಾರ ಬದಲಾಯಿಸೋಕೆ ಅದರ ತುದೀಲಿ ಹುರಿ ಬಿಡಿಸಿ, ಬಾಯಿ ಮಾಡ್ಕೊಂಡು, ಯೋಯೋ ಮೇಲಿಂದ ತೂರಿಸ್ಬೇಕು. ಗಟ್ಟಿ ಎಸೆದ್ರೆ ದಾರದ ತುದೀಲಿ ಬುಗುರಿ ಥರ ನಿಂತು ತಿರುಗುತ್ತೆ, ಆದ್ರೆ ಸ್ವಲ್ಪ ಹೊತ್ತೇ, ಅಷ್ಟರಲ್ಲೇ ಟ್ರಿಕ್ ಮುಗಿಸ್ಬೇಕು. ನನಗೆ ಇಷ್ಟ ಆಗೋದು ಇದರ ಲೂಪ್, ಕೈ ತಿರುಗಿಸಿ ತಿರುಗಿಸಿ ಮುಂದಕ್ಕೆ ಎಸೀತಾ ಇದ್ರೆ ದಾರ ಸೆಳೆಯೋದು ಬೆರಳಿಗೇ ಗೊತ್ತಾಗುತ್ತೆ, ಬೇರೆ ಎರಡ್ರಲ್ಲೂ ಈ ಫೀಲ್ ಇಲ್ಲ.

ಬಟರ್‌ಫ್ಲೈಯಲ್ಲಿ ಹೋಳುಗಳು ಉಲ್ಟಾ, ಹೊರಗಡೆ ಅಗಲವಾಗಿ ತೆರ್ಕೊಂಡಿರುತ್ತೆ. ತಿರುಗ್ತಿರೋ ಯೋಯೋನ ದಾರದ ಮೇಲೇ ಕೂರಿಸೋ ಟ್ರಪೀಜ್ ಥರದ ಟ್ರಿಕ್ಕಿಗೆ ಇದೇ ಬೆಸ್ಟು, ಇಂಪೀರಿಯಲ್‌ನಲ್ಲಿ ಬೀಳಿಸ್ಕೊಳ್ಳೋರು ಇದ್ರಲ್ಲಿ ಬೇಗ ಕಲೀತಾರೆ. ಲೂಪ್ ಮಾಡೋಕೆ ಹೋದ್ರೆ ಮಾತ್ರ ವಾಲುತ್ತೆ. ಕಲೆಕ್ಟ್ ಮಾಡೋರಿಗೆ ಇನ್ನೊಂದು ತಲೆನೋವು, ಇದು ಇವತ್ತಿಗೂ ಅಂಗಡೀಲಿ ಸಿಗುತ್ತೆ, ಅದಕ್ಕೆ ಕಾರ್ಡ್ ಇಲ್ಲದ ಬಿಡಿ ಪೀಸಿಗೆ ದುಡ್ಡು ಸುರೀಬೇಡಿ.

ಬ್ರೈನ್ ಬೇರೇನೇ ಕಥೆ. 80ರ ದಶಕದ್ದು, 90ರ ಕೊನೇಲಿ ಜಪಾನಲ್ಲಿ ಬಂಡಾಯ್ ಕಂಪನಿಯ ಹೈಪರ್ ಯೋಯೋ ಹುಚ್ಚು ಹಬ್ಬಿದಾಗ ಇದೂ ಅದರಲ್ಲಿತ್ತು. ಪಾರದರ್ಶಕ ಪೀಸ್ ಸಿಕ್ಕಿದ್ರೆ ಒಳಗಿನ ಕ್ಲಚ್ಚನ್ನ ನೋಡ್ತಾ ಕೂರಬಹುದು. ಜೋರಾಗಿ ತಿರುಗೋವಾಗ ಗುಂಡು ಇರೋ ಪುಟ್ಟ ತೋಳುಗಳು ಹೊರಗೆ ಸರೀತವೆ, ಆಕ್ಸಲ್ ಫ್ರೀ ಆಗುತ್ತೆ, ವೇಗ ಇಳಿದ ತಕ್ಷಣ ಸ್ಪ್ರಿಂಗು ತೋಳನ್ನ ಒಳಗೆ ತಳ್ಳಿ ಆಕ್ಸಲ್ ಹಿಡಿಸುತ್ತೆ, ಯೋಯೋ ತಾನೇ ಕೈಗೆ ವಾಪಸ್. ಮಕ್ಕಳಿಗೆ ಕೊಟ್ರೆ ಅವತ್ತೇ ಆಡ್ತಾರೆ. ಆದ್ರೆ ಯಾವಾಗ ಬರ್ಬೇಕು ಅಂತ ತೀರ್ಮಾನ ಮಾಡೋದು ಅದು, ನೀವಲ್ಲ, ನನಗೆ ಅದೇ ಕೊರತೆ ಅನ್ಸುತ್ತೆ. ಹಳೇದರಲ್ಲಿ ಸ್ಪ್ರಿಂಗ್ ಸೋತಿರಬಹುದು, ಆಗ ತಾನಾಗಿ ವಾಪಸ್ ಬರೋದೇ ಇಲ್ಲ, ಎಸೆದು ನೋಡೇ ತಗೊಳ್ಳಿ.

ಇಂಪೀರಿಯಲ್ ಕೊಳ್ಳೋವಾಗ ಬೆಳಕಿಗೆ ಹಿಡಿದು ನಡುವಿನ ಆಕ್ಸಲ್ ಸುತ್ತ ನೋಡಿ, ಕೂದಲೆಳೆ ಬಿರುಕು ಇದ್ರೆ ಶೋಕೇಸಿಗೆ ಮಾತ್ರ. ಮೇಲಿನ ಚಿನ್ನದ ಬಣ್ಣದ ಮುದ್ರೆ ಮಾಸದೆ ಉಳಿದಿದ್ರೆ ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ರೂ ಪರ್ವಾಗಿಲ್ಲ. ನೈಲ್ ಪಾಲಿಶ್ ರಿಮೂವರ್, ಥಿನ್ನರ್ ಹತ್ರಾನೂ ತರ್ಬೇಡಿ, ಪ್ಲಾಸ್ಟಿಕ್ಕೇ ಕರಗುತ್ತೆ. ಸೋಪು ನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೇಲಿ ಒರೆಸಿ ಸಾಕು, ಮುದ್ರೆ ಇರೋ ಜಾಗ ಬಿಟ್ಟು. ಜೊತೇಲಿ ಬಂದ ಹಳೇ ದಾರ ಎತ್ತಿಡಿ, ಆಡೋಕೆ ಮಾತ್ರ ಹೊಸದೇ ಹಾಕಿ.