ಬಾಸ್ ಕಟಾನಾ 50: ನಾಲ್ಕು ವರ್ಷ ನುಡಿಸಿದ ಮೇಲೆ

ಈ ಗಿಟಾರ್ ಆಂಪ್ (ಎಲೆಕ್ಟ್ರಿಕ್ ಗಿಟಾರಿನ ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ) ತಂದ ಮೊದಲ ವಾರವೇ ಬರೆದಿದ್ದರೆ ಎರಡು ಸ್ಟಾರ್ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆ. ತಪ್ಪೆಲ್ಲ ನನ್ನದೇ.

ಬೆಂಗಳೂರಿನ ಬಾಡಿಗೆ ಮನೆ, ಕೆಳಗೆ ಓನರ್ ಆಂಟಿ. ಗಿಟಾರ್ ಸ್ಕ್ವಯರ್ ಕಂಪನಿಯ ಸ್ಟ್ರ್ಯಾಟ್, ಎಲೆಕ್ಟ್ರಿಕ್. ಆಂಪನ್ನು ಮಂಚದ ಪಕ್ಕ ನೆಲದ ಮೇಲಿಟ್ಟು, ಗೇನ್ (ಸದ್ದನ್ನು ಒಡೆದು ಖಾರ ಮಾಡುವ ನಾಬ್) ಪೂರ್ತಿ ತಿರುಗಿಸಿ, ಬೇಸ್ ಮತ್ತು ಟ್ರೆಬಲ್ ಏರಿಸಿ, ಮಿಡಲ್ ಇಳಿಸಿ ನುಡಿಸುತ್ತಿದ್ದೆ. ಒಬ್ಬನೇ ಕೂತು ಕೇಳಿದರೆ ಭರ್ಜರಿ. ಜ್ಯಾಮ್ ರೂಮಿನಲ್ಲಿ ಡ್ರಮ್ಸ್ ಶುರುವಾದ ಕೂಡಲೇ ನಾನು ಮಾಯ! ತಗ್ಗು ಸ್ವರಗಳ ಜಾಗ ಬೇಸ್ ಗಿಟಾರ್ ಮತ್ತು ಕಿಕ್ ಡ್ರಮ್ ಪಾಲು, ಎತ್ತರದ್ದು ಸಿಂಬಲ್ ಪಾಲು. ಗಿಟಾರಿಗೆ ಉಳಿಯುವುದು ನಡುಭಾಗ. ಅದನ್ನೇ ನಾನು ಕತ್ತರಿಸಿ ಎಸೆದಿದ್ದೆ. ವಾಲ್ಯೂಮ್ ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್, ಟ್ರೆಬಲ್ ಎರಡೂ ಸೊರಗಿ ಕೇಳುತ್ತವೆ. ಹಾಗಾಗಿ ಮನೆಯಲ್ಲಿ ಕೈ ತಾನಾಗಿ ಆ ಎರಡು ನಾಬ್‌ಗಳ ಕಡೆಗೇ ಹೋಗುತ್ತದೆ.

ಈಗ ಆಂಪ್ ಪ್ಲಾಸ್ಟಿಕ್ ಕುರ್ಚಿ ಮೇಲಿದೆ. ನಗಬೇಡಿ. 12 ಇಂಚಿನ ಸ್ಪೀಕರ್‌ನಿಂದ ಟ್ರೆಬಲ್ ಟಾರ್ಚ್ ಬೆಳಕಿನ ಹಾಗೆ ನೇರ ಬರುತ್ತದೆ. ನೆಲದ ಮೇಲಿದ್ದರೆ ಅದು ಮೊಣಕಾಲಿಗೆ ಹೊಡೆಯುತ್ತದೆ, ಕಿವಿಗೆ ಬರುವುದು ಮಬ್ಬು ಸದ್ದು. ಕುರ್ಚಿ ಮೇಲಿಟ್ಟ ದಿನ ಎಷ್ಟು ಚುಚ್ಚಿತೆಂದರೆ, ಟ್ರೆಬಲ್ ಅರ್ಧಕ್ಕೆ ಇಳಿಸಿದೆ. ಎದುರಿಗೆ ಕೂತವರು ಇಷ್ಟು ದಿನ ಇದನ್ನೇ ಕೇಳಿದ್ದರಲ್ಲ, ಪಾಪ.

ಇನ್ನೊಂದು ಪಾಠ ಕಲಿಸಿದ್ದು ಸ್ಕ್ರೂಡ್ರೈವರ್. ದಪ್ಪ ಇ ಸ್ಟ್ರಿಂಗ್‌ನ 12ನೇ ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಹತ್ತಿರ ಒತ್ತಿದರೆ ಸ್ವರ ನಡುಗುತ್ತಿತ್ತು, ಒಂದೇ ಸ್ಟ್ರಿಂಗ್ ಎರಡು ಶ್ರುತಿಯಲ್ಲಿ ನುಡಿದ ಹಾಗೆ. ಟ್ಯೂನರ್ ಮುಳ್ಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಮೂರು ಸೆಟ್ ಸ್ಟ್ರಿಂಗ್ ಬದಲಿಸಿದೆ, ಸುಮ್ನೆ ದುಡ್ಡು ದಂಡ. ಆಮೇಲೆ ನೆನಪಾಯಿತು: ಸದ್ದು ಜಾಸ್ತಿ ಬರಲಿ ಅಂತ ನೆಕ್ ಪಿಕಪ್ಪನ್ನು (ಸ್ಟ್ರಿಂಗಿನ ಕಂಪನ ಹಿಡಿಯುವ, ಕತ್ತಿನ ಬದಿಯ ಭಾಗ) ನಾನೇ ಮೇಲೆತ್ತಿದ್ದೆ. ಅದರ ಆಯಸ್ಕಾಂತ ತೀರಾ ಹತ್ತಿರ ಬಂದು ಸ್ಟ್ರಿಂಗನ್ನು ಎಳೆಯುತ್ತಿತ್ತು. ಸ್ಕ್ರೂ ಎರಡು ಸುತ್ತು ಬಿಚ್ಚಿದೆ, ಸರಿಹೋಯಿತು.

ಪಿಕಪ್ ಸಿಂಗಲ್ ಕಾಯಿಲ್ (ಒಂದೇ ತಂತಿ ಸುರುಳಿಯದು) ಅಂದಮೇಲೆ 50 ಹರ್ಟ್ಸ್ ಕರೆಂಟಿನ ಗುಂಯ್ ಸದ್ದು ಇದ್ದೇ ಇರುತ್ತದೆ. ನನ್ನದರಲ್ಲಿ ನಡುವಿನ ಪಿಕಪ್ ಉಲ್ಟಾ ಸುತ್ತಿದ್ದು. ಪಿಕಪ್ ಆರಿಸುವ ಸ್ವಿಚ್ 2 ಅಥವಾ 4ರಲ್ಲಿ ಇಟ್ಟರೆ ಅದು ಪಕ್ಕದ ಪಿಕಪ್ ಜೊತೆ ಸೇರಿ ಗುಂಯ್ ಅಡಗುತ್ತದೆ.

ಆಂಪಿನಲ್ಲಿ ಅಕೌಸ್ಟಿಕ್, ಕ್ಲೀನ್, ಕ್ರಂಚ್, ಲೀಡ್, ಬ್ರೌನ್ ಅಂತ ಐದು ಬಗೆ. ನಾನು ಕ್ರಂಚ್ ಬಿಟ್ಟು ಕದಲುವುದಿಲ್ಲ. ಗೇನ್ ಗಡಿಯಾರದ ಹತ್ತು ಗಂಟೆಯಲ್ಲಿ. ಗಿಟಾರಿನ ವಾಲ್ಯೂಮ್ 7ಕ್ಕೆ ಇಳಿಸಿದರೆ ತಿಳಿ ಸ್ವರ, 10ಕ್ಕೆ ಏರಿಸಿದರೆ ಖಾರ. ಕಂಪ್ಯೂಟರಿಗೆ ಜೋಡಿಸಿದರೆ ರಾಶಿ ಎಫೆಕ್ಟ್ ಸಿಗುತ್ತವೆ. ಅದರಲ್ಲಿ ಒಂದು ಭಾನುವಾರ ಪೂರ್ತಿ ಕಳೆದೆ, ಒಂದು ಹಾಡೂ ನುಡಿಸಲಿಲ್ಲ.

ಬಾಡಿಗೆ ಮನೆಯವರಿಗೆ ನಿಜವಾಗಿ ಬೇಕಾದದ್ದು ಪವರ್ ಸ್ವಿಚ್: 50, 25, 0.5 ವ್ಯಾಟ್. ರಾತ್ರಿ ಹತ್ತರ ಮೇಲೆ 0.5ರಲ್ಲಿ ನುಡಿಸುತ್ತೇನೆ, ಇದುವರೆಗೆ ಕೆಳಗಿನಿಂದ ದೂರು ಬಂದಿಲ್ಲ. ಐದರಲ್ಲಿ ನಾಲ್ಕೂವರೆ ಸ್ಟಾರ್. ಕುರ್ಚಿ ಮಾತ್ರ ಆಂಟಿಯದು, ಹಬ್ಬಕ್ಕೆ ನೆಂಟರು ಬರುತ್ತಾರೆ ಅಂತ ವಾಪಸ್ ಕೇಳುತ್ತಿದ್ದಾರೆ.