ಟರ್ಮಿನಲ್‌ಗೊಂದು ಕ್ಲಸ್ಟರ್: ಕ್ಯೂಬೀ ಬಹುಕಾಲ ಬಳಸಿದ ಮೇಲೆ

ನಮ್ಮ ಆಫೀಸು ಬೆಳ್ಳಂದೂರಿನಲ್ಲಿ. ಆನ್‌ಕಾಲ್ (ತೊಂದರೆ ಬಂದರೆ ಯಾವ ಹೊತ್ತಿನಲ್ಲೂ ನೋಡಬೇಕಾದ ಸರದಿ) ಇರುವ ವಾರ ಮಾತ್ರ ಬನಶಂಕರಿಯ ಮನೆಯಿಂದಲೇ ಕೆಲಸ. ನಮ್ಮ ಅಪ್ಲಿಕೇಶನ್‌ಗಳು ಓಡುವುದು ಕುಬರ್ನೆಟಿಸ್ ಕ್ಲಸ್ಟರ್‌ಗಳಲ್ಲಿ, ಅಂದರೆ ಕಂಟೇನರ್‌ಗಳನ್ನು ನಡೆಸುವ ಸರ್ವರ್ ಗುಂಪುಗಳಲ್ಲಿ. ಗ್ರಾಹಕರು ಬಳಸುವ ಪ್ರೊಡಕ್ಷನ್ ಮುಂಬೈ ರೀಜನ್‌ನಲ್ಲಿ, ಅದು ಬಿದ್ದರೆ ಕೆಲಸಕ್ಕೆ ಬರುವ ಡಿಆರ್ ಹೈದರಾಬಾದಿನಲ್ಲಿ, ಪರೀಕ್ಷೆಗಿರುವ ಸ್ಟೇಜಿಂಗ್ ಬೇರೆ, ಕೆಲವು ದೊಡ್ಡ ಗ್ರಾಹಕರಿಗೆ ಅಂತಲೇ ಇಟ್ಟಿರುವ ಕ್ಲಸ್ಟರ್‌ಗಳು ಬೇರೆ. ಎಲ್ಲದರಲ್ಲೂ ಅದೇ ಸರ್ವಿಸ್‌ಗಳು, ಅದೇ ನೇಮ್‌ಸ್ಪೇಸ್‌ಗಳು (ಕ್ಲಸ್ಟರ್ ಒಳಗಿನ ವಿಭಾಗಗಳು). ಸ್ಕ್ರೀನ್ ಮೇಲೆ ಕಾಣುವ ಪಾಡ್ (ಕಂಟೇನರ್‌ಗಳು ಓಡುವ ಘಟಕ) ಹೆಸರು ನೋಡಿ ಅದು ಯಾವ ಊರಿನದು ಅಂತ ಯಾರೂ ಹೇಳಲಾರರು. ಇಂಥ ಕಡೆ, ಒಂದೊಂದು ಟರ್ಮಿನಲ್‌ಗೂ ಒಂದೊಂದು ಕ್ಲಸ್ಟರ್ ಆರಿಸಿಕೊಡುವ ಕ್ಯೂಬೀ ಎಂಬ ಟೂಲ್ ಇಲ್ಲದೆ ನಾನು ಟರ್ಮಿನಲ್ ತೆಗೆಯುವುದಿಲ್ಲ.

ಯಾಕೆ ಅಂತ ಬಿಡಿಸಿ ಹೇಳಬೇಕು. ಕುಬರ್ನೆಟಿಸ್‌ಗೆ ಕಮಾಂಡ್ ಕೊಡುವ ಕ್ಯೂಬ್‌ಸಿಟಿಎಲ್ ಯಾವ ಕ್ಲಸ್ಟರ್ ಜೊತೆ ಮಾತಾಡಬೇಕು ಅನ್ನುವುದು ಕಾನ್ಫಿಗ್ ಫೈಲಿನ ಒಂದೇ ಒಂದು ಸಾಲಿನಲ್ಲಿದೆ. ಕ್ಲಸ್ಟರ್ ಬದಲಿಸಲು ಕ್ಯೂಬ್‌ಸಿಟಿಎಕ್ಸ್ ಬಹಳ ಜನ ಬಳಸುವ ಒಳ್ಳೆಯ ಟೂಲ್, ಆದರೆ ಅದು ಬದಲಿಸುವುದೂ ಅದೇ ಸಾಲನ್ನು. ಎಡಗಡೆ ಟರ್ಮಿನಲ್‌ನಲ್ಲಿ ಸ್ಟೇಜಿಂಗ್ ನೋಡುತ್ತಿದ್ದೀರಿ, ಬಲಗಡೆಯದರಲ್ಲಿ ಪ್ರೊಡಕ್ಷನ್‌ಗೆ ಹೋದಿರಿ. ಆ ಕ್ಷಣದಿಂದ ಎಡಗಡೆಯದೂ ಪ್ರೊಡಕ್ಷನ್. ಅಲ್ಲಿ ಮೇಲಿನ ಬಾಣ ಒತ್ತಿ ಹಳೆಯ ಡಿಲೀಟ್ ಕಮಾಂಡ್ ಮತ್ತೆ ಓಡಿಸಿದರೆ ಏನಾಗುತ್ತದೆ, ಯೋಚಿಸಿ. ಪ್ರತಿ ಕಮಾಂಡ್‌ಗೂ ಕಾಂಟೆಕ್ಸ್ಟ್ (ಯಾವ ಕ್ಲಸ್ಟರ್ ಅನ್ನುವ ಗುರುತು) ಹೆಸರು ಕೈಯಾರೆ ಟೈಪ್ ಮಾಡುವುದು ಸರಿಯಾದ ದಾರಿಯೇ, ಆದರೆ ನಡುರಾತ್ರಿ ಅಲರ್ಟ್ ಬಂದಾಗ ಅಷ್ಟು ವ್ಯವಧಾನ ಯಾರಿಗೂ ಇರುವುದಿಲ್ಲ.

ರಸ್ಟ್ ಭಾಷೆಯಲ್ಲಿ ಬರೆದಿರುವ ಕ್ಯೂಬೀ ಈ ತೊಂದರೆಯ ಬುಡಕ್ಕೇ ಕೈ ಹಾಕುತ್ತದೆ. 'ಕ್ಯೂಬೀ ಸಿಟಿಎಕ್ಸ್' ಅಂದರೆ ಕಾಂಟೆಕ್ಸ್ಟ್‌ಗಳ ಪಟ್ಟಿ ಬರುತ್ತದೆ. ಒಂದನ್ನು ಆರಿಸಿದರೆ ಹೊಸ ಶೆಲ್ (ಕಮಾಂಡ್ ಕೊಡುವ ಜಾಗ) ತೆರೆದು, ಆ ಶೆಲ್‌ಗಷ್ಟೇ ಸೇರಿದ ತಾತ್ಕಾಲಿಕ ಕಾನ್ಫಿಗ್ ಕೊಡುತ್ತದೆ. ಪಕ್ಕದ ಟರ್ಮಿನಲ್‌ಗೆ ಅದರ ಗಾಳಿಯೂ ಸೋಕುವುದಿಲ್ಲ. ಕಮಾಂಡ್ ಟೈಪ್ ಮಾಡುವ ಸಾಲಿನ ಮೊದಲಿಗಿರುವ ಪ್ರಾಂಪ್ಟ್‌ನಲ್ಲೇ ಕಾಂಟೆಕ್ಸ್ಟ್ ಮತ್ತು ನೇಮ್‌ಸ್ಪೇಸ್ ಎರಡೂ ಕಾಣುತ್ತವೆ. ಎಕ್ಸಿಟ್ ಅಂದರೆ ಮೊದಲಿದ್ದ ಜಾಗಕ್ಕೆ ವಾಪಸ್. ಒಂದೊಂದು ಕ್ಲಸ್ಟರ್‌ನ ಕಾನ್ಫಿಗ್ ಫೈಲನ್ನೂ ಬೇರೆ ಬೇರೆಯಾಗಿಯೇ ಇಡಬಹುದು, ಎಲ್ಲವನ್ನೂ ಒಂದೇ ಫೈಲಿಗೆ ಸೇರಿಸುವ ತಾಪತ್ರಯವಿಲ್ಲ. ಈ ಶೆಲ್ ಒಳಗಿಂದ ಕ್ಲಸ್ಟರ್ ನೋಡುವ ಕೆ9ಎಸ್ ಟೂಲ್ ತೆರೆದರೂ ಅದು ಅದೇ ಕ್ಲಸ್ಟರ್‌ನಲ್ಲಿ ಶುರುವಾಗುತ್ತದೆ.

ಇದರ ಬೆಲೆ ಚೆನ್ನಾಗಿ ಗೊತ್ತಾಗುವುದು ಓಡುತ್ತಿರುವ ಕಂಟೇನರ್‌ಗೆ ಅಟ್ಯಾಚ್ ಮಾಡುವಾಗ. ಟೀಮಿಗೆ ಹೊಸದಾಗಿ ಸೇರಿದ ಹುಡುಗ ಒಮ್ಮೆ ಕಾಲ್‌ನಲ್ಲಿ ಕೇಳಿದ: "ಅಣ್ಣಾ, ವರ್ಕರ್ ಸಿಕ್ಕಿಹಾಕ್ಕೊಂಡಿರೋ ಹಾಗಿದೆ, ಅಟ್ಯಾಚ್ ಮಾಡ್ಲಾ?"

"ಮೊದ್ಲು ಪ್ರಾಂಪ್ಟಲ್ಲಿ ಏನಿದೆ ಓದಪ್ಪಾ."

"ಮುಂಬೈ ಪ್ರಾಡ್, ಪೇಮೆಂಟ್ಸ್."

"ಹಂಗಾದ್ರೆ ಅಟ್ಯಾಚ್ ಬೇಡ, ಎಕ್ಸೆಕ್ ಮಾಡು."

ಎಕ್ಸೆಕ್ ಕಂಟೇನರ್ ಒಳಗೆ ಬೇರೆಯೇ ಒಂದು ಪ್ರೋಸೆಸ್ ಹುಟ್ಟಿಸುತ್ತದೆ; ನಮ್ಮ ಶೆಲ್ ಮುಚ್ಚಿದರೆ ಸತ್ತುಹೋಗುವುದು ಆ ಶೆಲ್ ಮಾತ್ರ. ಅಟ್ಯಾಚ್ ಹಾಗಲ್ಲ, ಆಗಲೇ ಓಡುತ್ತಿರುವ ಮುಖ್ಯ ಪ್ರೋಸೆಸ್‌ಗೇ ಅಂಟಿಕೊಳ್ಳುತ್ತದೆ. ಎಸ್‌ಟಿಡಿಇನ್ (ಟೈಪ್ ಮಾಡಿದ್ದು ಒಳಹೋಗುವ ದಾರಿ), ಟಿಟಿವೈ (ಟರ್ಮಿನಲ್) ಎರಡೂ ಕೊಟ್ಟು ಶುರು ಮಾಡಿದ ಕಂಟೇನರ್‌ಗೆ ಆ ಎರಡನ್ನೂ ಜೋಡಿಸುವ ಮೈನಸ್ ಐಟಿ (-it) ಹಾಕಿ ಅಟ್ಯಾಚ್ ಆಗಿ, ಹೊರಬರಲೆಂದು ಕಂಟ್ರೋಲ್-ಸಿ ಒತ್ತಿದರೆ ಆ ಸಿಗ್ನಲ್ ಅಪ್ಲಿಕೇಶನ್‌ಗೇ ಹೋಗಬಹುದು. ಮೈನಸ್ ಐ ಇಲ್ಲದೆ ಅಟ್ಯಾಚ್ ಆದರೆ ಬರೀ ಔಟ್‌ಪುಟ್ ನೋಡಬಹುದು, ಅದೂ ಆ ಕ್ಷಣದಿಂದ ಮುಂದಿನದು. ಹಿಂದಿನ ಸಾಲುಗಳು ಬೇಕಿದ್ದರೆ ಲಾಗ್ಸ್ ಕಮಾಂಡೇ ಸರಿ. ಇನ್ನು ಅಪ್ಲಿಕೇಶನ್‌ಗೆ ಬೇಕಾದಷ್ಟೇ ಇರುವ ಡಿಸ್ಟ್ರೋಲೆಸ್ ಇಮೇಜ್ ಆಗಿದ್ದರೆ ಒಳಗೆ ಶೆಲ್ಲೇ ಇರುವುದಿಲ್ಲ, ಎಕ್ಸೆಕ್‌ಗೂ ದಾರಿಯಿಲ್ಲ. ಅಲ್ಲಿಗೆ 'ಕ್ಯೂಬ್‌ಸಿಟಿಎಲ್ ಡೀಬಗ್' ಬೇಕು; ಅದಕ್ಕೆ ಆಧಾರವಾದ, ಓಡುತ್ತಿರುವ ಪಾಡ್‌ಗೆ ಪರಿಶೀಲನೆಗೆಂದು ಸೇರಿಸುವ ಎಫೆಮರಲ್ ಕಂಟೇನರ್ 2022ರಲ್ಲಿ ಕುಬರ್ನೆಟಿಸ್ 1.25ರೊಂದಿಗೆ ಸ್ಟೇಬಲ್ ಆಯಿತು. ಒಮ್ಮೆ ಸೇರಿಸಿದ ಎಫೆಮರಲ್ ಕಂಟೇನರನ್ನು ಆ ಪಾಡ್‌ನಿಂದ ತೆಗೆಯಲು ಬರುವುದಿಲ್ಲ, ನೆನಪಿರಲಿ.

ನನಗೆ ತುಂಬಾ ಇಷ್ಟವಾದದ್ದು 'ಕ್ಯೂಬೀ ಎಕ್ಸೆಕ್'. ಇದು ಮೇಲೆ ಹೇಳಿದ ಎಕ್ಸೆಕ್ ಅಲ್ಲ. ಕಾಂಟೆಕ್ಸ್ಟ್ ಹೆಸರಿನ ಜಾಗದಲ್ಲಿ ಪ್ರಾಡ್ ಪಕ್ಕ ನಕ್ಷತ್ರ ಚಿಹ್ನೆ ಹಾಕಿ, ನೇಮ್‌ಸ್ಪೇಸ್ ಮತ್ತು ಕಮಾಂಡ್ ಕೊಟ್ಟರೆ ಆ ಹೆಸರಿನಿಂದ ಶುರುವಾಗುವ ಕ್ಲಸ್ಟರ್‌ಗಳಲ್ಲೆಲ್ಲ ಕಮಾಂಡ್ ಓಡುತ್ತದೆ. ಯಾವ ಕ್ಲಸ್ಟರ್‌ನಲ್ಲಿ ಪಾಡ್ ಮತ್ತೆ ಮತ್ತೆ ಬಿದ್ದು ಏಳುತ್ತಿದೆ ಅಂತ ಹೀಗೆ ಹುಡುಕಿ, ಆಮೇಲೆ ಅದೊಂದಕ್ಕೆ ಮಾತ್ರ ಒಳಹೋಗುತ್ತೇನೆ. ಬದಲಾವಣೆ ಮಾಡುವ ಕಮಾಂಡ್‌ಗೆ ನಕ್ಷತ್ರ ಚಿಹ್ನೆ ಬಳಸಬೇಡಿ ಅಂತ ಟೀಮಿನಲ್ಲಿ ಎಲ್ಲರಿಗೂ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ.

ಕೊರತೆಗಳೂ ಇವೆ. ಟರ್ಮಿನಲನ್ನು ಭಾಗಗಳಾಗಿ ಒಡೆಯುವ ಟಿಮಕ್ಸ್‌ನಲ್ಲಿ ಹೊಸ ಪೇನ್ (ಭಾಗ) ತೆರೆದರೆ ಕ್ಯೂಬೀ ಶೆಲ್‌ನ ಕಾಂಟೆಕ್ಸ್ಟ್ ಅದಕ್ಕೆ ಬರುವುದಿಲ್ಲ, ಮತ್ತೆ ಆರಿಸಬೇಕು. ನನ್ನ ಮೂಲ ಕಾನ್ಫಿಗ್‌ನಲ್ಲಿ ಡೀಫಾಲ್ಟ್ ಕಾಂಟೆಕ್ಸ್ಟನ್ನೇ ಖಾಲಿ ಬಿಟ್ಟಿದ್ದೇನೆ. ಆರಿಸದೆ ಕಮಾಂಡ್ ಕೊಟ್ಟರೆ ಎರರ್ ಬರುತ್ತದೆ, ಅದೇ ಬೇಕಾದ್ದು. ವಿಂಡೋಸ್ ಲ್ಯಾಪ್‌ಟಾಪ್ ಇರುವವರು ಲಿನಕ್ಸ್ ಓಡಿಸುವ ಡಬ್ಲ್ಯೂಎಸ್‌ಎಲ್ ಒಳಗೆ ಹಾಕಿಕೊಳ್ಳಬೇಕು. ಮ್ಯಾಕ್‌ನಲ್ಲಿ ಬ್ರೂ ಇನ್‌ಸ್ಟಾಲ್ ಸಾಕು.

ಇಷ್ಟಾದರೂ ಕ್ಯೂಬೀ ನಿಮ್ಮ ಕೈ ಹಿಡಿದು ತಡೆಯುವುದಿಲ್ಲ, ಎಲ್ಲಿದ್ದೀರಿ ಅಂತ ತೋರಿಸುತ್ತದೆ. ತಡೆಯುವ ಕೆಲಸ ಯಾರಿಗೆ ಯಾವ ಅನುಮತಿ ಅಂತ ನಿರ್ಧರಿಸುವ ಆರ್‌ಬ್ಯಾಕ್‌ನದು. ಪ್ರೊಡಕ್ಷನ್‌ನಲ್ಲಿ ಪಾಡ್ಸ್-ಎಕ್ಸೆಕ್ ಮತ್ತು ಪಾಡ್ಸ್-ಅಟ್ಯಾಚ್ ಅನುಮತಿಗಳನ್ನು ಬೇರೆ ಬೇರೆಯಾಗಿ ಕೊಡಬಹುದು. ನಮ್ಮಲ್ಲಿ ಎಕ್ಸೆಕ್ ಆನ್‌ಕಾಲ್ ಇರುವವರಿಗೆ ಮಾತ್ರ, ಅಟ್ಯಾಚ್ ಯಾರಿಗೂ ಇಲ್ಲ.